ಪುಟ್ಟಿಗೆ, ಕಾಲೇಜಿನ ಖರ್ಚಿನ ಬಗ್ಗೆ

ಅಕ್ಟೋಬರ್ 2025

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನಿನ್ನ ಅಮ್ಮ ಮಾತು ಅರ್ಧಕ್ಕೆ ನಿಲ್ಲಿಸಿದಳು. "ಫ್ಯಾಫ್ಸಾ ತುಂಬೋದೇ ಬೇಡ ಅಂತಾರೆ ಇವರು, ಹೇಗೂ ಏನೂ ಸಿಗಲ್ಲವಂತೆ" ಅಂದವಳು, ಕಾಲೇಜಿನ ಖರ್ಚಿಗೆ ಅಮೆರಿಕ ಸರ್ಕಾರದ ಸಹಾಯ ಕೇಳುವ ಆ ಅರ್ಜಿಯ ಮಾತು ಬಿಟ್ಟು, ತಕ್ಷಣ ದೀಪಾವಳಿಯ ವಿಷಯಕ್ಕೆ ಹೋದಳು. ನೀನು ಪಕ್ಕದಲ್ಲೇ ಇದ್ದೆ ಅನ್ನಿಸಿತು. ಅದಕ್ಕೇ ನಿನಗೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಶಿವಮೊಗ್ಗದಲ್ಲಿ ಓದಿದವಳು ನೀನು, ನನ್ನ ಅಕ್ಷರ ಓದೋಕೆ ಕಷ್ಟ ಆಗಲ್ಲ ಅಲ್ವಾ?

ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವುದಿಲ್ಲ. ನಮ್ಮಪ್ಪ ಸಾಲ ಮಾಡಿ ನನ್ನನ್ನು ಓದಿಸಿದ್ದು ನನಗೆ ಗೊತ್ತಾಗಿದ್ದೇ ಮದುವೆಯಾದ ಮೇಲೆ. ಈ ದೇಶದ ಕಾಲೇಜಿಗೆ ಆ ಪದ್ಧತಿ ಹೊಂದುವುದಿಲ್ಲ ಪುಟ್ಟಿ. ಫಾರ್ಮ್ ಇರುವುದು ನಿನ್ನ ಹೆಸರಿನಲ್ಲಿ. ನಿನ್ನ ಫಾರ್ಮಿನಿಂದಲೇ ನೀನು ಅಪ್ಪನನ್ನು ಕರೆಯಬೇಕು, ಅವರು ತಮ್ಮ ಟ್ಯಾಕ್ಸ್ ಮಾಹಿತಿ ತರಿಸಿಕೊಳ್ಳಲು ತಮ್ಮ ಅಕೌಂಟಿನಿಂದ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಇಲ್ಲದಿದ್ದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಹಾಯ ಯಾವುದೂ ಇಲ್ಲ. ಅಪ್ಪ ಅಮ್ಮ ಒಟ್ಟಿಗೆ ಟ್ಯಾಕ್ಸ್ ಫೈಲ್ ಮಾಡಿದ್ದರೆ ಇಬ್ಬರಲ್ಲಿ ಒಬ್ಬರು ಸಾಕು.

"ಏನೂ ಸಿಗಲ್ಲ" ಅನ್ನುವುದು ತಪ್ಪು ಲೆಕ್ಕ. ಪೆಲ್ ಗ್ರ್ಯಾಂಟ್ ಅನ್ನುವುದು ಸರ್ಕಾರ ಆದಾಯ ನೋಡಿ ಕೊಡುವ, ಹಿಂತಿರುಗಿಸಬೇಕಿಲ್ಲದ ಹಣ, ಈ ವರ್ಷ ಹೆಚ್ಚೆಂದರೆ 7,395 ಡಾಲರ್. ಅದು ನಿಮಗೆ ಬರದೇ ಇರಬಹುದು. ಆದರೆ ವಿದ್ಯಾರ್ಥಿಗೆ ಸರ್ಕಾರ ಕೊಡುವ ಸಾಲಕ್ಕೂ ಇದೇ ಫಾರ್ಮ್ ಬೇಕು. ಮೊದಲ ವರ್ಷ 5,500 ಡಾಲರ್‌ವರೆಗೆ ಅದು ಶ್ರೀಮಂತರ ಮಕ್ಕಳಿಗೂ ಸಿಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ ಕೊಡುವ ಕ್ಯಾಲ್ ಗ್ರ್ಯಾಂಟಿಗೂ ಇದೇ ಫಾರ್ಮ್, ಅದಕ್ಕೆ ಮಾರ್ಚ್ 2 ಕೊನೆಯ ದಿನ. ಎಷ್ಟೋ ಕಾಲೇಜುಗಳು ತಮ್ಮ ಸ್ವಂತ ಹಣ ಹಂಚುವಾಗಲೂ ಇದನ್ನೇ ನೋಡುತ್ತವೆ. ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆಗೆ ಬರುವ ಎಚ್-4 ವೀಸಾದಲ್ಲಿರುವ ನಿನ್ನ ಗೆಳತಿಗೆ ಫೆಡರಲ್ ಸಹಾಯದ ಬಾಗಿಲು ಮುಚ್ಚಿದೆ. ಗ್ರೀನ್ ಕಾರ್ಡ್ ಬಂದಿರುವ ನಿನಗೆ ಅದು ತೆರೆದಿದೆ. ಕಾಲೇಜುಗಳ ಸ್ವಂತ ಹಣದ ನಿಯಮ ಬೇರೆ ಇರುತ್ತದೆ, ಕೇಳಿ ನೋಡಲಿ ಅಂತ ಅವಳಿಗೂ ಹೇಳು.

ಈಗ ಅಪ್ಪನ ಕೆಲಸದ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಿನಗೆ ಗೊತ್ತಿರುವುದೇ ತಾನೆ, ಬರೆಯುತ್ತೇನೆ. 2026ರಲ್ಲಿ ಕಾಲೇಜು ಸೇರುವವರಿಗೆ ಫ್ಯಾಫ್ಸಾ ನೋಡುವುದು 2024ರ ಟ್ಯಾಕ್ಸ್. ಆಗ ನಿಮ್ಮಪ್ಪನಿಗೆ ಪೂರ್ತಿ ಸಂಬಳ. ಈ ಮೇ ತಿಂಗಳಲ್ಲಿ ಕೆಲಸ ಹೋಗಿದ್ದು ಆ ಫಾರ್ಮಿಗೆ ಗೊತ್ತೇ ಆಗುವುದಿಲ್ಲ. ಹಾಗಂತ 2024ರ ಅಂಕಿ ತಿದ್ದುವ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಳಿಸಿ, ಆಮೇಲೆ ಒಂದೊಂದು ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೂ ಬೇರೆ ಬೇರೆಯಾಗಿ ಬರೆಯಬೇಕು: ನಮ್ಮ ಮನೆಯ ಪರಿಸ್ಥಿತಿ ಬದಲಾಗಿದೆ, ಈಗಿನ ಆದಾಯ ನೋಡಿ ಮತ್ತೆ ಲೆಕ್ಕ ಹಾಕಿ ಅಂತ. ಹಾಗೆ ಬದಲಿಸುವ ಅಧಿಕಾರವನ್ನು ಕಾನೂನೇ ಅವರಿಗೆ ಕೊಟ್ಟಿದೆ. ಕೊಡಲೇಬೇಕು ಅಂತಿಲ್ಲ, ಒಂದು ಕಾಲೇಜು ಒಪ್ಪಬಹುದು, ಇನ್ನೊಂದು ಒಪ್ಪದಿರಬಹುದು. ಕೆಲಸದಿಂದ ತೆಗೆದ ಪತ್ರ, ಕೊನೆಯ ಪೇ ಸ್ಲಿಪ್, ಅನ್‌ಎಂಪ್ಲಾಯ್‌ಮೆಂಟ್ ಕಾಗದ, ಇವನ್ನು ಜೊತೆಗಿಡು. ಪತ್ರ ಒಂದು ಪುಟ ಮೀರದಿರಲಿ. ತಿಂಗಳಿಗೆ ಮೊದಲು ಎಷ್ಟು ಬರುತ್ತಿತ್ತು, ಈಗ ಎಷ್ಟು, ಯಾವ ತಾರೀಕಿನಿಂದ, ಇಷ್ಟೇ ಸಾಕು.

ನಿಮ್ಮಪ್ಪ ಇದನ್ನು ಕೈಚಾಚುವುದು ಅಂದುಕೊಂಡಿದ್ದಾರೆ. ಹದಿನೈದು ವರ್ಷ ಈ ದೇಶಕ್ಕೆ ಟ್ಯಾಕ್ಸ್ ಕಟ್ಟಿದ ಮನುಷ್ಯ ಅವರು. ಈ ಮಾತನ್ನು ನಾನೇ ಅವರಿಗೆ ಹೇಳುತ್ತೇನೆ, ನೀನು ಹೇಳಬೇಡ. ಮಗಳ ಬಾಯಿಂದ ಬಂದರೆ ನೋವಾಗುತ್ತದೆ.

ನೀನು ಆಸೆಪಟ್ಟಿರುವ ಆ ಎರಡು ಪ್ರೈವೇಟ್ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಫಾರ್ಮೂ ಕೇಳುತ್ತವೆ. ಅದಕ್ಕೆ ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16. ಆದಾಯ ಕಡಿಮೆ ಇದ್ದರೆ ಮಾಫಿ ಇದೆ. ಅದರಲ್ಲಿ ಈಗಿನ ವರ್ಷದ ಆದಾಯ ಬರೆಯಲು ಜಾಗ ಇದೆ, ಅಪ್ಪನ ವಿಷಯ ಅಲ್ಲೂ ಬರೆ. ಫ್ಯಾಫ್ಸಾಗೆ ಮಾತ್ರ ಯಾರಿಗೂ ಒಂದು ಪೈಸೆ ಕೊಡಬೇಡ. ಅದರ ಹೆಸರಿನ ಮೊದಲ ಪದವೇ ಫ್ರೀ.

ಮೈಸೂರಿನ ಸೈಟು ಅಪ್ಪನ ಹೆಸರಿನಲ್ಲಿದೆ. ಅದರ ಇವತ್ತಿನ ಬೆಲೆಯಲ್ಲಿ ಸಾಲ ಕಳೆದು, ಫ್ಯಾಫ್ಸಾದಲ್ಲಿ ಡಾಲರಿನಲ್ಲಿ ಬರೆಯಬೇಕು. ಊರಲ್ಲಿರೋದು ಯಾರಿಗೆ ಕಾಣುತ್ತೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ, ಸಹಿ ನಿನ್ನದು. ಅಜ್ಜನ ಹೆಸರಿನಲ್ಲಿರುವ ತೋಟ ಬರೆಯಬೇಕಿಲ್ಲ. ನೀವಿರುವ ಮನೆ, ಅಪ್ಪನ ರಿಟೈರ್‌ಮೆಂಟ್ ಅಕೌಂಟಿನಲ್ಲಿರುವ ಹಣ, ಇವೂ ಫ್ಯಾಫ್ಸಾಗೆ ಬೇಕಿಲ್ಲ. ನಿನ್ನ ಸ್ವಂತ ಉಳಿತಾಯದಲ್ಲಿ ಮಾತ್ರ ಶೇ. 20ರಷ್ಟನ್ನು ಕಾಲೇಜಿಗೆ ಅಂತ ಲೆಕ್ಕ ಹಿಡಿಯುತ್ತಾರೆ. ಹೇಗೂ ಲ್ಯಾಪ್‌ಟಾಪ್ ಬೇಕು ಅನ್ನುತ್ತಿದ್ದೆಯಲ್ಲ, ಬೇಸಿಗೆಯಲ್ಲಿ ದುಡಿದ ಹಣದಿಂದ ಫಾರ್ಮ್ ಕಳಿಸುವ ಮೊದಲೇ ತೆಗೆದುಕೋ.

ಕೊನೆಯದಾಗಿ ನಮ್ಮ ಮನೆಯಲ್ಲಿ ಆದದ್ದು. ನಿನ್ನಣ್ಣನಿಗೆ ಒಂದು ಕಾಲೇಜಿನಿಂದ ಪತ್ರ ಬಂತು, 27,000 ಡಾಲರ್ ಸಹಾಯ ಅಂತ. ನಾನು ಕೇಸರಿಬಾತ್ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದೆ. ಅದರಲ್ಲಿ ಹಿಂತಿರುಗಿಸಬೇಕಿಲ್ಲದ ಹಣ 4,000 ಮಾತ್ರ ಇತ್ತು. 5,500 ಅವನ ಸಾಲ. ಉಳಿದ 17,500 ಪೇರೆಂಟ್ ಪ್ಲಸ್, ಅಂದರೆ ನಮ್ಮ ತಲೆಯ ಮೇಲಿನ ಸಾಲ. ಎಲ್ಲವನ್ನೂ ಒಟ್ಟು ಕೂಡಿಸಿ ಕೆಳಗೆ ಒಂದೇ ದೊಡ್ಡ ಅಂಕಿ ಹಾಕಿದ್ದರು. ನಾವು ಆ ಅಂಕಿ ನೋಡಿ ಹೂಂ ಅಂದುಬಿಟ್ಟೆವು. ಇವತ್ತಿಗೂ ಪ್ರತಿ ತಿಂಗಳು ಕಟ್ಟುತ್ತಿದ್ದೇವೆ. ನಿಮ್ಮ ದೊಡ್ಡಪ್ಪ ರಿಟೈರ್ ಆಗುವುದನ್ನು ಮುಂದಕ್ಕೆ ಹಾಕಿದ್ದು ಇದಕ್ಕೇ, ನಿನ್ನಮ್ಮನಿಗೂ ಇದನ್ನು ಹೇಳಿಲ್ಲ.

ಹಾಗಾಗಿ ಪತ್ರಗಳು ಬಂದಾಗ ಪೆನ್ಸಿಲ್ ಹಿಡಿದು ಕೂತುಕೋ. ಮೇಲೆ ಇಡೀ ವರ್ಷದ ಖರ್ಚು ಬರೆ: ಫೀ, ರೂಮು, ಊಟ, ಪುಸ್ತಕ, ಓಡಾಟ ಎಲ್ಲ. ಅದರಿಂದ ಗ್ರ್ಯಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆ. ಉಳಿದದ್ದೇ ಆ ಕಾಲೇಜಿನ ನಿಜವಾದ ಬೆಲೆ. ವರ್ಕ್ ಸ್ಟಡಿ ಕಳೆಯಬೇಡ, ಅದು ನೀನು ಲೈಬ್ರರಿಯಲ್ಲೋ ಆಫೀಸಿನಲ್ಲೋ ದುಡಿದ ಮೇಲೆ ಕೈಗೆ ಬರುವ ಹಣ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಇರುತ್ತದಾ, ಎಷ್ಟು ಜಿಪಿಎ ಉಳಿಸಿಕೊಳ್ಳಬೇಕು ಅಂತ ಫೋನ್ ಮಾಡಿ ಕೇಳು. ಸಾಲ ಬೇಕೇ ಬೇಕಾದರೆ ಮೊದಲು ಸಬ್ಸಿಡೈಸ್ಡ್ ಸಾಲ ತಗೋ, ಓದುವಷ್ಟು ದಿನ ಅದರ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಪೇರೆಂಟ್ ಪ್ಲಸ್‌ಗೆ ಮುಂದಿನ ಜುಲೈಯಿಂದ ವರ್ಷಕ್ಕೆ 20,000, ಒಟ್ಟು 65,000 ಡಾಲರಿನ ಮಿತಿ ಬರುತ್ತಿದೆ. ಮಿತಿ ಅಷ್ಟಿದೆ ಅಂತ ಅಷ್ಟೂ ತಗೋಬೇಡಿ. ಅಪ್ಪ "ನಾನು ನೋಡ್ಕೋತೀನಿ ಬಿಡು" ಅಂತಾರೆ. ಬಿಡಬೇಡ, ಕಾಗದ ಕೇಳಿ ನೋಡು.

ನವೆಂಬರ್ 8ರ ಶನಿವಾರ ನಾನು ಬೆಳಿಗ್ಗೆಯೇ ಫ್ರೀಮಾಂಟಿಗೆ ಬರುತ್ತೇನೆ. ಅಷ್ಟರಲ್ಲಿ ನೀನೂ ಅಪ್ಪನೂ ಸ್ಟೂಡೆಂಟ್ ಏಡ್ ಅಕೌಂಟ್ ತೆರೆದಿಟ್ಟಿರಿ. 2024ರ ಟ್ಯಾಕ್ಸ್ ಕಾಗದವನ್ನೂ ಕೆಲಸ ಹೋದ ಪತ್ರವನ್ನೂ ಊಟದ ಮೇಜಿನ ಮೇಲೆ ಇಡಲು ಅಮ್ಮನಿಗೆ ಹೇಳು. ನಾಲ್ಕೂ ಜನ ಕೂತು ತುಂಬೋಣ.

ನಿನ್ನ ಪ್ರೀತಿಯ
ದೊಡ್ಡಮ್ಮ