ನಮ್ಮ ಹಸಿರು ಪೊಟ್ಟಣದ ಗಂಧದ ಕಡ್ಡಿ: ಹೆಸರು ಬದಲಾವಣೆಯ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಲ್ಲಿ ಮತ್ತು ನಮ್ಮ ಮಾಲು ಇಟ್ಟುಕೊಳ್ಳುವ ಅಂಗಡಿಯವರಲ್ಲಿ ವಿನಂತಿ,

ಶ್ರೀಗಂಧದ ಮರದ ಚಿತ್ರವಿರುವ ಹಸಿರು ಪೊಟ್ಟಣದಲ್ಲಿ ನಮ್ಮ ಸಹಕಾರ ಸಂಘವು ಇಷ್ಟು ವರ್ಷ ಮಾರುತ್ತಾ ಬಂದ ಊದುಬತ್ತಿಯನ್ನು ಈ ಸಲದ ದಸರಾ ಕಳೆದ ಮೇಲೆ ಆ ಹೆಸರಿನಲ್ಲಿಯೂ ಆ ಚಿತ್ರದೊಂದಿಗೂ ಮಾರುವುದಿಲ್ಲ. ಬತ್ತಿ ನಿಲ್ಲುವುದಿಲ್ಲ, ಬೆಲೆಯೂ ಏರುವುದಿಲ್ಲ. ಆದರೆ ಅದರ ಪೊಟ್ಟಣದ ಮೇಲೆ ಇನ್ನು ಮುಂದೆ 'ಗಂಧ ಪರಿಮಳದ ಬತ್ತಿ' ಎಂದಿರುತ್ತದೆ, ಅದರ ಕೆಳಗೆ 'ಇದರಲ್ಲಿ ಶ್ರೀಗಂಧದ ಎಣ್ಣೆ ಇಲ್ಲ' ಎಂದು ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಜೊತೆಗೆ, ನಿಜವಾದ ಶ್ರೀಗಂಧದ ಪುಡಿ ಬೆರೆಸಿ ಕೈಯಲ್ಲಿ ಹೊಸೆದ ಮಸಾಲ ಬತ್ತಿಯನ್ನು ಬೇರೆಯಾಗಿ ಕೊಡಲಿದ್ದೇವೆ.

ಇದಕ್ಕೆ ಕಾರಣವಾದ ಮಾತನ್ನು ಮೊದಲು ಹೇಳಬೇಕು. ಕಳೆದ ಕಾರ್ತಿಕದಲ್ಲಿ ನಮ್ಮ ಮಾರಾಟ ಮಳಿಗೆಗೆ ಬಂದ ವಯಸ್ಸಾದ ತಾಯಿಯೊಬ್ಬರು ಪೊಟ್ಟಣ ಬಿಚ್ಚಿಸಿ, ಒಂದು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, "ನಮ್ಮ ಮನೆ ಸಾಣೆಕಲ್ಲಿನ ಮೇಲೆ ತೇಯ್ತಿದ್ದ ಗಂಧದ ವಾಸನೆ ಇದಲ್ಲ ಕಣಮ್ಮ, ಇದರಲ್ಲಿ ಗಂಧ ಎಷ್ಟಿದೆ?" ಎಂದು ಕೇಳಿದರು. ಮಳಿಗೆಯಲ್ಲಿದ್ದ ಹುಡುಗಿ ಉತ್ತರ ತಿಳಿಯದೆ ಒಳಗೆ ಬಂದು ನಮ್ಮನ್ನು ಕೇಳಿದಳು. ಇಲ್ಲ ಎಂಬುದೇ ಉತ್ತರವಾಗಿತ್ತು. ಅದನ್ನು ಅವರಿಗೆ ಹೇಳಿದೆವು, ಕ್ಷಮೆಯನ್ನೂ ಕೇಳಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಆದರೆ ಕಡ್ಡಿಯನ್ನು ಕೊಳ್ಳದೆ ಹೋದರು.

ನಮ್ಮ ಕಡೆ ಯಾವ ಊದುಬತ್ತಿಯನ್ನಾದರೂ ಗಂಧದ ಕಡ್ಡಿ ಎಂದೇ ಕರೆಯುವ ರೂಢಿಯಿದೆ. ಮಲ್ಲಿಗೆಯ ವಾಸನೆಯದಾದರೂ ಅದು ಗಂಧದ ಕಡ್ಡಿಯೇ. ಈ ರೂಢಿಯ ಮರೆಯಲ್ಲಿ ನಾವು ಸುಲಭವಾಗಿ ನಿಂತುಬಿಟ್ಟಿದ್ದೆವು. ಮಾತಿನ ರೂಢಿ ಬೇರೆ, ಪೊಟ್ಟಣದ ಮೇಲೆ ಮರದ ಚಿತ್ರ ಅಚ್ಚು ಹಾಕಿಸುವುದು ಬೇರೆ.

ಗಂಧದ ನಾಡಿನಲ್ಲೇ ಗಂಧದ ಕಡ್ಡಿಯಲ್ಲಿ ಗಂಧ ಇಲ್ಲವಾದದ್ದು ಹೇಗೆ ಎಂದು ನೀವು ಕೇಳುವುದು ನ್ಯಾಯ. 1792ರಲ್ಲಿ ಟಿಪ್ಪು ಸುಲ್ತಾನರು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ ಮೇಲೆ ಈ ಮರ ಆಳುವವರ ಸೊತ್ತಾಯಿತು. ಒಡೆಯರ ಆಳ್ವಿಕೆಯಲ್ಲಿಯೂ ಸ್ವಾತಂತ್ರ್ಯ ಬಂದ ಮೇಲೂ ರೈತನ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರದ ಮೇಲೆ ಹಕ್ಕು ಸರ್ಕಾರದ್ದೇ ಆಗಿತ್ತು. ಮರ ಯಾರ ಕೈಯಲ್ಲಿತ್ತೋ ಬೆಲೆ ಕಟ್ಟುವ ಅಧಿಕಾರವೂ ಅವರದೇ ಎಂದು ಎಲ್ಲರೂ ನಂಬಿದ್ದ ಕಾಲವದು. ಅದು ಪೂರ್ತಿ ನಿಜವಲ್ಲವೆಂದು 1914ರಲ್ಲಿ ತಿಳಿಯಿತು. ಮೈಸೂರು ಸಂಸ್ಥಾನ ಹರಾಜು ಹಾಕುತ್ತಿದ್ದ ಮರದ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲನೆಯ ಮಹಾಯುದ್ಧ ಶುರುವಾಗಿ ಆ ದಾರಿ ಮುಚ್ಚಿದ ಕೂಡಲೇ ಗಂಧದ ಕೋಠಿಗಳಲ್ಲಿ, ಅಂದರೆ ಸರ್ಕಾರದ ಮರದ ಉಗ್ರಾಣಗಳಲ್ಲಿ, ಇದ್ದ ಮರಕ್ಕೆ ಕೊಳ್ಳುವವರು ಇಲ್ಲವಾದರು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರು ಇಲ್ಲಿಯೇ ಎಣ್ಣೆ ಭಟ್ಟಿ ಇಳಿಸಿ ತೋರಿಸಿದರು. 1916-17ರ ಹೊತ್ತಿಗೆ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆಗಳು ಕೆಲಸ ಆರಂಭಿಸಿದವು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಬಂತು. ನಮ್ಮ ಕಸುಬಿನವರಿಗೆಲ್ಲ ಇದು ಹೆಮ್ಮೆಯ ಸಂಗತಿ.

ಆದರೆ ಜರ್ಮನಿಯವರ ಕೈಯಲ್ಲಿದ್ದ ಎಣ್ಣೆ ತೆಗೆಯುವ ವಿದ್ಯೆ ನಮ್ಮ ಕೈಗೆ ಬಂದಂತೆಯೇ ನಮ್ಮ ಕೈಯಲ್ಲಿದ್ದದ್ದೂ ಬೇರೆಯವರ ಕೈಗೆ ಹೋಗಬಹುದಿತ್ತು, ಹೋಯಿತು ಕೂಡ. ಕಾರ್ಖಾನೆಯಲ್ಲಿ ತಯಾರಾದ ನೀಲಿ 1897ರಲ್ಲಿ ಮಾರುಕಟ್ಟೆಗೆ ಬಂದು ನಮ್ಮ ದೇಶದ ನೀಲಿ ಬೆಳೆಯನ್ನು ಹೇಗೆ ಮೂಲೆಗೆ ತಳ್ಳಿತೋ, ಹಾಗೆಯೇ ಗಂಧದಂತೆ ಪರಿಮಳಿಸುವ ರಾಸಾಯನಿಕಗಳನ್ನು ಯುರೋಪಿನ ಪರಿಮಳ ಕಂಪನಿಗಳು ಒಂದರ ಮೇಲೊಂದು ಕಂಡುಹಿಡಿದವು. ಅವುಗಳಿಗೆ ಮರದ ಕೆಚ್ಚು (ಪರಿಮಳವಿರುವ ಒಳತಿರುಳು) ಬಲಿಯುವವರೆಗೆ ಹದಿನೈದು ಇಪ್ಪತ್ತು ವರ್ಷ ಕಾಯಬೇಕಾಗಿಲ್ಲ, ಕಾವಲೂ ಬೇಕಾಗಿಲ್ಲ. ಇತ್ತ ನಮ್ಮ ಕಾಡಿನ ಮರಗಳು ಎಲೆ ಸಣ್ಣದಾಗಿ ಮರವೇ ಸಾಯುವ ಸ್ಪೈಕ್ ರೋಗದಿಂದಲೂ ಕಳ್ಳಸಾಗಣೆಯಿಂದಲೂ ಕರಗುತ್ತಾ ಹೋದವು. ತನ್ನದಲ್ಲದ ಮರವನ್ನು ಕಾಯುವ ಕಷ್ಟ ಬೇಡವೆಂದು ಸಸಿಯನ್ನೇ ಕಿತ್ತೆಸೆಯುತ್ತಿದ್ದ ರೈತರೂ ಇದ್ದರು; ಅವರನ್ನು ದೂರಲು ನಮಗೆ ಮನಸ್ಸು ಬರುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ಮರದ ಮಾಲೀಕತ್ವ ಜಮೀನಿನವರಿಗೆ ಸಿಕ್ಕಿತು. ಆ ಹೊತ್ತಿಗಾಗಲೇ ಆಸ್ಟ್ರೇಲಿಯಾದ ವಾಯವ್ಯ ಭಾಗದ ಕುನುನುರಾ ಸುತ್ತ ಆರ್ಡ್ ನದಿಯ ನೀರು ಹಾಯಿಸಿ ನಮ್ಮದೇ ಜಾತಿಯ ಶ್ರೀಗಂಧವನ್ನು ತೋಟದ ಬೆಳೆಯಂತೆ ಬೆಳೆಸಲು ತೊಡಗಿದ್ದರು. ಕಾನೂನಿನಿಂದ ಮರವನ್ನು ಹಿಡಿದಿಟ್ಟುಕೊಳ್ಳಬಹುದಿತ್ತು, ಪರಿಮಳವನ್ನು ಹಿಡಿದಿಡಲಾಗಲಿಲ್ಲ.

ನಮ್ಮ ಸಂಘದ ಕೆಲಸದಲ್ಲಿ ಇದರ ಪರಿಣಾಮ ಹೀಗಾಯಿತು. ಮೊದಲು ಸದಸ್ಯೆಯರು ಮಣೆಯ ಮುಂದೆ ಕುಳಿತು ಇದ್ದಿಲ ಪುಡಿ, ಜಿಗಟು ಮತ್ತು ಗಂಧದ ಪುಡಿ ಕಲಸಿದ ಮುದ್ದೆಯನ್ನು ಚಿಟಿಕೆ ಚಿಟಿಕೆಯಾಗಿ ಕಡ್ಡಿಗೆ ಹಚ್ಚಿ ಅಂಗೈಯಲ್ಲಿ ಹೊಸೆಯುತ್ತಿದ್ದರು. ಗಂಧದ ಪುಡಿಯ ಬೆಲೆ ಏರಿದಂತೆ ಅದರ ಪಾಲು ಕಡಿಮೆಯಾಯಿತು, ಕೊನೆಗೆ ನಿಂತೇಹೋಯಿತು. ಈಗ ಯಂತ್ರದಲ್ಲಿ ಹೊಸೆದ ವಾಸನೆಯಿಲ್ಲದ ಕಪ್ಪು ಬತ್ತಿಯನ್ನು ತಂದು, ಕಟ್ಟು ಕಟ್ಟಾಗಿ ಪರಿಮಳದ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಆರಿಸಿ ತುಂಬುತ್ತೇವೆ. ಒಳಗಿನ ಬಿದಿರು ಕಡ್ಡಿಯೂ ಬಹುಕಾಲ ಚೀನಾ, ವಿಯೆಟ್ನಾಂಗಳಿಂದ ಬಂದದ್ದೇ. ಸರ್ಕಾರ 2019ರಲ್ಲಿ ಊದುಬತ್ತಿಯ ಆಮದನ್ನು ನಿರ್ಬಂಧಿಸಿ, 2020ರಲ್ಲಿ ಬಿದಿರು ಕಡ್ಡಿಯ ಮೇಲಿನ ಸುಂಕವನ್ನು ಶೇ. 10ರಿಂದ 25ಕ್ಕೆ ಏರಿಸಿದ ಮೇಲೆ ನಾವು ದೇಶದ ಕಡ್ಡಿಯತ್ತ ತಿರುಗಿದ್ದೇವೆ. ಅದ್ದಿದ ಬತ್ತಿ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ದಿನದ ಪೂಜೆಗೆ ಎಲ್ಲರ ಕೈಗೆಟುಕುವುದು ಅದೇ, ನಮ್ಮ ಸದಸ್ಯೆಯರ ಮನೆಗಳು ನಡೆಯುವುದೂ ಅದರಿಂದಲೇ. ಅದು ಏನೋ ಅದನ್ನೇ ಪೊಟ್ಟಣದ ಮೇಲೆ ಹೇಳಬೇಕೆಂಬುದಷ್ಟೇ ಸಂಘದ ಸಭೆಯ ತೀರ್ಮಾನ.

ಹೊಸ ಮಸಾಲ ಬತ್ತಿಗೆ ರೈತರು ಬೆಳೆದ, ಅರಣ್ಯ ಇಲಾಖೆಯ ನಿಯಮದಂತೆ ದಾಖಲೆಯಿರುವ ಶ್ರೀಗಂಧವನ್ನು ಮಾತ್ರ ಬಳಸುತ್ತೇವೆ. ಪೊಟ್ಟಣಕ್ಕೆ ಹತ್ತೇ ಕಡ್ಡಿ. ಒಂದು ಕಡ್ಡಿಗೆ ಹಳೆಯದರ ನಾಲ್ಕು ಪಟ್ಟು ಬೆಲೆ ಬೀಳುತ್ತದೆ. ಹಚ್ಚಿದಾಗ ಇದರ ವಾಸನೆ ಅದ್ದಿದ ಬತ್ತಿಯಷ್ಟು ಜೋರಾಗಿರುವುದಿಲ್ಲ, ಪಕ್ಕದ ಕೋಣೆಯವರೆಗೆ ತಲುಪಲಿಕ್ಕಿಲ್ಲ. ಆರಿದ ಮೇಲೆ ಮಾತ್ರ ದೇವರ ಮನೆಯಲ್ಲಿ ಬಹಳ ಹೊತ್ತು ಮೆಲ್ಲಗೆ ಉಳಿಯುತ್ತದೆ. ಪುಡಿ ಸಿಕ್ಕಷ್ಟೇ ತಯಾರಿಸುವುದರಿಂದ ಕೆಲವು ತಿಂಗಳು ಇದು ಸಿಗದೆಯೂ ಇರಬಹುದು.

ಹಸಿರು ಪೊಟ್ಟಣವನ್ನು ಶ್ರೀಗಂಧವೆಂದೇ ನಂಬಿ ಕೊಂಡವರು ಒಡೆಯದ ಪೊಟ್ಟಣಗಳನ್ನು ದೀಪಾವಳಿಯವರೆಗೆ ನಮ್ಮ ಮಳಿಗೆಗೆ ತಂದರೆ ಪೂರ್ತಿ ಹಣ ಹಿಂದಿರುಗಿಸುತ್ತೇವೆ; ಚೀಟಿ ಬೇಕಾಗಿಲ್ಲ. ಅಂಗಡಿಯವರು ಉಳಿದ ಮಾಲನ್ನು ಮಾರದೆ ತೆಗೆದಿಡಬೇಕು, ನಮ್ಮ ಗಾಡಿ ಮುಂದಿನ ಸರದಿಗೆ ಬಂದಾಗ ಬದಲಿಸಿಕೊಡುತ್ತದೆ. ಅಂದು ಪ್ರಶ್ನೆ ಕೇಳಿದ ತಾಯಿಯವರ ಹೆಸರಾಗಲಿ ವಿಳಾಸವಾಗಲಿ ನಮ್ಮಲ್ಲಿಲ್ಲ. ಈ ಪತ್ರ ಅವರ ಕಣ್ಣಿಗೆ ಬಿದ್ದರೆ ದಯವಿಟ್ಟು ಒಮ್ಮೆ ಮಳಿಗೆಗೆ ಬರಬೇಕು. ಹೊಸ ಬತ್ತಿಯ ಮೊದಲ ಪೊಟ್ಟಣವನ್ನು ಅವರಿಗಾಗಿ ಎತ್ತಿಟ್ಟಿದ್ದೇವೆ.

ಇಂತಿ ನಮಸ್ಕಾರಗಳೊಂದಿಗೆ,
ಕಾರ್ಯದರ್ಶಿ ಮತ್ತು ಸದಸ್ಯೆಯರು,
ಊದುಬತ್ತಿ ತಯಾರಕ ಮಹಿಳೆಯರ ಸಹಕಾರ ಸಂಘ, ಮೈಸೂರು