31ಕ್ಕೆ 27 ಅಲ್ಲ, 30

ಸಂಪಾದಕರಿಗೆ ನಮಸ್ಕಾರ.

ನಾನು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹದಿನಾಲ್ಕು ವರ್ಷ ಆಯಿತು. ಮಕ್ಕಳು ನನ್ನನ್ನು ಅಡುಗೆ ಅಕ್ಕ ಅಂತಲೇ ಕರೆಯುತ್ತಾರೆ. ಶಾಲೆಗೆ ಬರುವ ನಿಮ್ಮ ಪತ್ರಿಕೆಯನ್ನು ಮೇಷ್ಟ್ರು, ಮಿಸ್ಸು ಎಲ್ಲ ಓದಿ ಇಟ್ಟ ಮೇಲೆ, ಬೇಳೆ ಬೇಯುವ ಹೊತ್ತಿನಲ್ಲಿ ನಾನೂ ಓದುತ್ತೇನೆ. ಪತ್ರ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಳ್ಳಿ.

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಎರಡು ಮೂರು ದಿನ ಬಿಟ್ಟು ನೀವು ತಾಲ್ಲೂಕಿನ ಶಾಲೆಗಳ ಪಟ್ಟಿ ಹಾಕಿದಿರಿ. ನಮ್ಮ ಶಾಲೆಗೆ ಸಿಕ್ಕಿದ್ದು ಒಂದು ಸಾಲು. ಪರೀಕ್ಷೆ ಬರೆದವರು 31, ಪಾಸಾದವರು 27. ಅವತ್ತಿಗೆ ಆ ಲೆಕ್ಕ ಸರಿಯೇ. ಗ್ರೇಸ್ ಅಂಕ ಇಲ್ಲದ ವರ್ಷ, ಕೊಠಡಿಯಲ್ಲಿ ಕ್ಯಾಮೆರಾ ಬೇರೆ. ಇಡೀ ರಾಜ್ಯದ ಫಲಿತಾಂಶವೇ ಶೇ 62.34 ಆಗಿರುವಾಗ ನಮ್ಮದೇನು ಕಮ್ಮಿ ಇರಲಿಲ್ಲ. 625ಕ್ಕೆ 625 ತೆಗೆದ 22 ಮಕ್ಕಳ ಸುದ್ದಿ ದೊಡ್ಡದಾಗಿ ಹಾಕಿದಿರಿ. ಹಾಕಬೇಕಾದ್ದೇ. ನನ್ನ ತಕರಾರು ಅದಲ್ಲ. ಆಮೇಲೆ ನೀವು ಆ ಸಾಲನ್ನು ತಿರುಗಿ ನೋಡಲೇ ಇಲ್ಲ. ಈಗ ಅದು 31ಕ್ಕೆ 30 ಆಗಿದೆ. ಹೇಗಾಯಿತು ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಈ ಬ್ಯಾಚಿನ ವರ್ಷ ಶುರುವಾಗಿದ್ದೇ ಮಳೆಯಲ್ಲಿ. ಕಳೆದ ವರ್ಷ ಜುಲೈನಲ್ಲಿ ಎಡಕುಮರಿ, ಕಡಗರವಳ್ಳಿ ನಡುವೆ ಮಣ್ಣು ಕುಸಿದು ಮಂಗಳೂರು ರೈಲು ನಿಂತಿತ್ತಲ್ಲ, ಆ ಮಳೆ. ರಜೆ ಮೇಲೆ ರಜೆ. ಶಾಲೆ ತೆರೆದ ದಿನವೂ ಅರ್ಧ ಮಕ್ಕಳ ಯೂನಿಫಾರಂ ಒಣಗಿರುತ್ತಿರಲಿಲ್ಲ. ನನ್ನ ಒಲೆ ಸುತ್ತ ನಿಂತು ಬೆಚ್ಚಗೆ ಮಾಡಿಕೊಂಡು ಹೋಗುತ್ತಿದ್ದರು. ಹಾಗೆ ನನಗೆ ಅವರ ಪರಿಚಯ ಜಾಸ್ತಿ ಆಯಿತು.

ಸಾಧು ಮಕ್ಕಳೇನಲ್ಲ ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಕೊನೆಯಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಬಾಳೆಹಣ್ಣು ತಿನ್ನುವವರ ಪಟ್ಟಿಯಲ್ಲೂ ಹೆಸರು ಬರೆಸಿ, ಮೊಟ್ಟೆ ಸಾಲಿನಲ್ಲೂ ನಿಂತು ಎರಡೂ ಹೊಡೆದ ಹುಡುಗರು ಇದೇ ಬ್ಯಾಚಿನವರು. ಸಿಕ್ಕಿಬಿದ್ದಾಗ ನಾನು ಕೊಟ್ಟ ಶಿಕ್ಷೆ, ಒಂದು ವಾರ ಎಲ್ಲರ ಮೊಟ್ಟೆ ಸಿಪ್ಪೆ ಸುಲಿಯುವುದು. ಆ ಸಿಪ್ಪೆಯನ್ನೆಲ್ಲ ಪುಡಿ ಮಾಡಿ ಶಾಲೆ ಕೈತೋಟದ ಬಸಳೆ ಬುಡಕ್ಕೆ ಹಾಕಿದರು. ಡಿಸೆಂಬರ್‌ವರೆಗೂ ಸೊಪ್ಪಿಗೆ ನಾನು ಸಂತೆಗೆ ಹೋಗಲಿಲ್ಲ. ಇದು ಯಾವ ಪಟ್ಟಿಯಲ್ಲೂ ಬರುವುದಿಲ್ಲ ಬಿಡಿ.

ಪ್ರತಿಭಾ ಕಾರಂಜಿಯಲ್ಲಿ ಕವ್ವಾಲಿ ಅಂತ ಒಂದು ಸ್ಪರ್ಧೆ ಇದೆ. ನಮ್ಮ ಕಡೆ ಶಾಲೆಗಳು ಅದಕ್ಕೆ ಹೋಗುವುದು ಕಮ್ಮಿ. ಕೋಲಾಟ, ಭಾವಗೀತೆಗೆ ಎಲ್ಲರೂ ಮುಗಿಬೀಳುತ್ತಾರೆ, ಕವ್ವಾಲಿಗೆ ತಂಡಗಳು ಕಮ್ಮಿ, ಗೆಲ್ಲೋದು ಸುಲಭ ಅಂತ ಇವರ ಲೆಕ್ಕಾಚಾರ. ಕ್ಲಾಸಿನಲ್ಲಿ ಉರ್ದು ಬರುವವರು ಇಬ್ಬರೇ ಹುಡುಗಿಯರು. ಅವರೇ ಗುರುಗಳು. ಹಾರ್ಮೋನಿಯಂ ಊರಿನ ಭಜನೆ ಮನೆಯದು. ಅಭ್ಯಾಸ ನನ್ನ ಅಡುಗೆ ಕೋಣೆಯ ಜಗಲಿಯಲ್ಲಿ. ಅಕ್ಕಿ ತೊಳೆಯುತ್ತಾ ನಾನೂ ಚಪ್ಪಾಳೆ ತಟ್ಟುವಷ್ಟು ಕಿವಿಗೆ ಹತ್ತಿತ್ತು. ಕ್ಲಸ್ಟರ್ ಗೆದ್ದರು, ತಾಲ್ಲೂಕು ಗೆದ್ದರು, ಹಾಸನದಲ್ಲಿ ಎರಡನೇ ಸ್ಥಾನಕ್ಕೆ ನಿಂತರು. ಅಲ್ಲೂ ನಾಲ್ಕೇ ತಂಡ ಇದ್ದಿದ್ದು ಅಂತ ಆಮೇಲೆ ಗೊತ್ತಾಯಿತು. ಇರಲಿ, ಎರಡನೆಯದು ಎರಡನೆಯದೇ ಅಲ್ವಾ.

ಅದೇ ತಂಡದಲ್ಲಿ ತಬಲಾ ಬದಲು ಡ್ರಮ್ಮು ಬಾರಿಸಿದ ಹುಡುಗ ಅಸ್ಸಾಂನವನು. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿದ್ದಾರೆ. ಆರನೇ ಕ್ಲಾಸಿಗೆ ಸೇರಿದಾಗ ಅವನಿಗೆ 'ಅನ್ನ' ಅನ್ನುವ ಮಾತೂ ಬರುತ್ತಿರಲಿಲ್ಲವಂತೆ. ಮಾರ್ಚ್ ಪರೀಕ್ಷೆಯಲ್ಲಿ ಪ್ರಥಮ ಭಾಷೆ ಕನ್ನಡದಲ್ಲಿ 125ಕ್ಕೆ 108 ತೆಗೆದಿದ್ದಾನೆ. ನಮ್ಮೂರಲ್ಲೇ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗಿಂತ ಜಾಸ್ತಿ. ಈ ಹುಡುಗನ ವಿಷಯ ಮುಂದೆ ಮತ್ತೆ ಬರುತ್ತದೆ.

ಆನೆ ವಿಷಯ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತಿದ್ದು ನಮ್ಮ ಯಸಳೂರು ಕಡೆ ಕಾಡಿನಲ್ಲೇ. ಆಗ ಇವರು ಒಂಬತ್ತನೇ ಕ್ಲಾಸು. ಹತ್ತಕ್ಕೆ ಬಂದ ಮೇಲೆ ಸಂಜೆ ವಿಶೇಷ ತರಗತಿ ಶುರುವಾಯಿತು. ಬಿಡುವ ಹೊತ್ತಿಗೆ ಐದೂವರೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ವಾಟ್ಸ್‌ಆ್ಯಪ್‌ನಲ್ಲಿ ಹಾಕುತ್ತಾರೆ. ಅದನ್ನು ನೋಡದೆ ಯಾರೂ ಗೇಟು ದಾಟಬಾರದು ಅಂತ ಕ್ಲಾಸಿನವರೇ ನಿಯಮ ಮಾಡಿಕೊಂಡರು. ಆ ದಾರಿಯಲ್ಲಿ ಹೋಗುವ ಎಂಟನೇ ಕ್ಲಾಸಿನ ಚಿಕ್ಕ ಮಕ್ಕಳನ್ನೂ ಕಾಯಿಸಿಕೊಂಡು ಒಟ್ಟಿಗೇ ಕರೆದುಕೊಂಡು ಹೋಗುತ್ತಿದ್ದರು. ಒಂದು ದಿನ ತೋಟದ ರಸ್ತೆಯಲ್ಲಿ ಲದ್ದಿ ಇನ್ನೂ ಬಿಸಿ ಇತ್ತು ಅಂತ ಎಲ್ಲರೂ ವಾಪಸ್ ಬಂದರು. ಹೆಡ್‌ಮೇಷ್ಟ್ರು ಜೀಪು ಹೇಳಿ ಕಳಿಸುವವರೆಗೆ ನನ್ನ ಜಗಲಿಯಲ್ಲೇ ಕೂತಿದ್ದರು.

ಜನವರಿಯಲ್ಲಿ ಕಾಫಿ ಕೊಯ್ಲಿನ ಹೊತ್ತಿಗೆ ಒಬ್ಬ ಹುಡುಗಿಯ ಮನೆಯವರು ದೂರದ ಇನ್ನೊಂದು ತೋಟಕ್ಕೆ ಹೋದರು. ಪರೀಕ್ಷೆಗೆ ಎರಡು ತಿಂಗಳು. ಅವಳು ಶಾಲೆ ಬಿಡುತ್ತಾಳೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಕ್ಲಾಸಿನ ಇನ್ನೊಬ್ಬಳು ತನ್ನ ಅಮ್ಮನನ್ನು ಒಪ್ಪಿಸಿ, 'ನಮ್ಮನೇಲೇ ಇರಲಿ' ಅಂತ ಕರೆದುಕೊಂಡು ಬಂದಳು. ಏಪ್ರಿಲ್‌ವರೆಗೂ ಅಲ್ಲೇ ಇದ್ದಳು. ಎರಡು ತಟ್ಟೆ, ಒಂದು ಚಾಪೆ.

ಅಷ್ಟಾದರೂ ಅವಳು ಮೇ 2ರಂದು ಫೇಲಾದಳು. ವಿಜ್ಞಾನ, ಗಣಿತ ಎರಡರಲ್ಲೂ. ಇನ್ನೊಬ್ಬ ಹುಡುಗಿಗೆ ಗಣಿತ ಒಂದೇ ಹೋಗಿದ್ದು. ಆಗ ಪಾಸಾಗಲು 80ಕ್ಕೆ 28 ಬೇಕಿತ್ತು, ಬಂದಿದ್ದು 26. ಒಬ್ಬ ಹುಡುಗ ಹಿಂದಿ, ಮತ್ತೊಬ್ಬ ಹಿಂದಿ ಮತ್ತು ಗಣಿತ. ಒಟ್ಟು ನಾಲ್ಕು ಜನ.

ನಾನೂ 1994ರಲ್ಲಿ ಗಣಿತದಲ್ಲಿ ಫೇಲು. ಆಗಲೂ ಪರೀಕ್ಷೆ ಮತ್ತೆ ಕಟ್ಟಬಹುದಿತ್ತು. ಕಟ್ಟು ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ. ಪಾಸಾದ ಗೆಳತಿಯರು ನಮ್ಮ ಮನೆ ಮುಂದೆ ಹೋಗುವಾಗ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಅವರೂ ಕರೆಯುತ್ತಿರಲಿಲ್ಲ. ಅದಕ್ಕೇ ಈ ಮಕ್ಕಳು ಮಾಡಿದ್ದು ನನಗೆ ಅಷ್ಟು ನಾಟಿದ್ದಿರಬೇಕು.

ಮೇ 5ನೇ ತಾರೀಕು, ಸೋಮವಾರ, ಐದಾರು ಮಕ್ಕಳು ನನ್ನ ಮನೆಗೆ ಬಂದರು. 'ಅಕ್ಕ, ಅಡುಗೆ ಕೋಣೆ ಬೀಗದ ಕೈ ಬೇಕು.' ಬೇಸಿಗೆ ರಜೆ, ಶಾಲೆಗೆ ಬೀಗ. ಯಾಕೆ ಅಂದೆ. 'ಪರೀಕ್ಷೆ-2 ಮೇ 26ಕ್ಕೆ. ನಾಲ್ಕು ಜನಕ್ಕೂ ಪಾಠ ಮಾಡಬೇಕು. ಜಗಲಿ ಸಾಕು, ಕರೆಂಟು ಹೋದರೆ ಒಳಗಿನ ಸೋಲಾರ್ ದೀಪ ಬೇಕಾಗುತ್ತದೆ' ಅಂದರು. ಹೆಡ್‌ಮೇಷ್ಟ್ರಿಗೆ ಫೋನು ಮಾಡಿದೆ. 'ನೀವು ಜೊತೆಗಿರುವುದಾದರೆ ಕೊಡಿ' ಅಂದರು. ಬೆಳಿಗ್ಗೆ ಮೇಷ್ಟ್ರುಗಳು ಬಂದು ವಿಶೇಷ ತರಗತಿ ಮಾಡುತ್ತಿದ್ದರು, ಅವರ ಶ್ರಮ ನಾನು ತೆಗೆದುಹಾಕುವುದಿಲ್ಲ. ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ ಮಾತ್ರ ಮಕ್ಕಳದೇ ಶಾಲೆ.

ಪಾಸಾದ 27 ಜನವೂ ಬಂದರು ಅಂದರೆ ಸುಳ್ಳಾಗುತ್ತದೆ. ಕೆಲವರು ಕೂಲಿಗೆ ಹೋದರು, ಕೆಲವರು ಅಜ್ಜಿ ಮನೆಗೆ. ತಪ್ಪದೆ ಬಂದವರು ಒಂಬತ್ತು ಜನ.

ಒಂದು ದಿನದ ಕತೆ ಹೇಳುತ್ತೇನೆ. 26 ಬಂದಿದ್ದ ಹುಡುಗಿಗೆ ಘನಫಲ ಅಂದರೆ ತಲೆಗೆ ಹತ್ತುತ್ತಿರಲಿಲ್ಲ. ಸಿಲಿಂಡರಿನ ಸೂತ್ರ ಬಾಯಿಪಾಠ, ಎಲ್ಲಿಗೆ ಏನು ಹಾಕಬೇಕು ಗೊತ್ತಿಲ್ಲ. ಮಾರ್ಚ್ ಪರೀಕ್ಷೆಯಲ್ಲಿ ಶಾಲೆಗೇ ಮೊದಲ ಸ್ಥಾನ ಬಂದ ಹುಡುಗಿ ಒಳಗೆ ಹೋಗಿ ನನ್ನ ಸಾಂಬಾರಿನ ಡಬರಿ ಎತ್ತಿಕೊಂಡು ಬಂದಳು. ಟೈಲರ್ ಟೇಪು ಹಿಡಿದು ಅಳೆಸಿದಳು. ಬಾಯಿ ಅಗಲ 40 ಸೆಂಟಿಮೀಟರ್, ಅಂದರೆ ತ್ರಿಜ್ಯ 20. ಎತ್ತರ 35. 22ರ ಏಳನೇ ಭಾಗಕ್ಕೆ 400 ಗುಣಿಸು, 35 ಗುಣಿಸು. ಜಗಲಿ ನೆಲದ ಮೇಲೆ ಇದ್ದಿಲಲ್ಲಿ ಲೆಕ್ಕ. 44,000 ಬಂತು. ಸಾವಿರಕ್ಕೆ ಒಂದು ಲೀಟರ್, ಅಂದರೆ 44 ಲೀಟರ್. 'ನಂಬಲ್ಲ' ಅಂದಳು ಇವಳು. ಸರಿ, ಒಂದು ಲೀಟರಿನ ನೀರಿನ ಬಾಟಲಿಯಲ್ಲಿ ತುಂಬಿಸಲು ಕೂತರು. ಎಲ್ಲರೂ ಗಟ್ಟಿಯಾಗಿ ಎಣಿಸುತ್ತಿದ್ದರು. 43ಕ್ಕೇ ತುಂಬಿ ಚೆಲ್ಲಿತು. ಸೂತ್ರವೇ ತಪ್ಪು ಅಂತ ದೊಡ್ಡ ಜಗಳ. ನಾನು ಒಳಗಿಂದ ಕೂಗಿದೆ: 'ಅದರ ತಳ ನೆಗ್ಗಿದೆ ಕಣ್ರೇ, ಹೋದ ವರ್ಷ ನೀವೇ ಬೀಳಿಸಿದ್ದು!' ಆ ನಗು ಈಗಲೂ ಕಿವಿಯಲ್ಲಿದೆ. ಆಮೇಲೆ ಆ ಹುಡುಗಿ ನನ್ನ ಲೋಟ, ಬಿಂದಿಗೆ, ಸೌಟು ಒಂದನ್ನೂ ಬಿಡದೆ ಅಳೆದಳು.

ಹಿಂದಿಗೆ ಗುರು ಯಾರು ಗೊತ್ತಾ? ಅದೇ ಅಸ್ಸಾಂ ಹುಡುಗ. ಲೈನ್ ಮನೆಯಲ್ಲಿ ಬೇರೆ ಬೇರೆ ರಾಜ್ಯದವರ ಜೊತೆ ಮಾತಾಡಿ ಅವನಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಮೂರು ವಾರ ಆ ಇಬ್ಬರು ಹುಡುಗರು ಅವನ ಹತ್ತಿರ ಹಿಂದಿಯಲ್ಲೇ ಮಾತಾಡಬೇಕು, ಕನ್ನಡ ಬಂದರೆ ಹಲಸಿನ ಹಣ್ಣಿನ ತೊಳೆ ಕಟ್. ಹಲಸಿನ ಕಾಲ ಬೇರೆ. ತಿಂಡಿಗೆ ನಾನು ಅವಲಕ್ಕಿ ಕಲಸುತ್ತಿದ್ದೆ. ಮನೆಯಿಂದ ತಂದಿದ್ದು, ಯಾರಾದರೂ ಸುಮ್ನೆ ಅನುಮಾನ ಪಡುವುದು ಬೇಡ. ಶಾಲೆಯ ಅಕ್ಕಿ ಮೂಟೆಯ ಕಟ್ಟು ಬಿಚ್ಚಿಲ್ಲ.

ಈ ಸಲ ಮಳೆ ಮೇ ಕೊನೆಗೇ ಹಿಡಿದುಕೊಂಡಿತು. ಪರೀಕ್ಷೆ ಸಕಲೇಶಪುರದಲ್ಲಿ. ನಾಲ್ಕು ಜನಕ್ಕೆ ನಾಲ್ಕು ಕೊಡೆ ಒಟ್ಟು ಮಾಡುವುದೇ ಒಂದು ಕೆಲಸ ಆಯಿತು. ಪರೀಕ್ಷೆ ಇರುವ ದಿನ ಯಾರಾದರೂ ಇಬ್ಬರು ಬಸ್ಸಿನಲ್ಲಿ ಜೊತೆಗೆ ಹೋಗಿ, ಕೇಂದ್ರದ ಹೊರಗೆ ಅಂಗಡಿ ಮುಂದೆ ನಿಂತು ಕಾಯುತ್ತಿದ್ದರು.

ಜೂನ್ 13ಕ್ಕೆ ಪರೀಕ್ಷೆ-2ರ ಫಲಿತಾಂಶ. ಮೂರು ಜನ ಪಾಸು. ಗಣಿತದಲ್ಲಿ 26 ಇದ್ದವಳಿಗೆ 41. ತೋಟದ ಹುಡುಗಿಯೂ ಎರಡೂ ವಿಷಯ ದಾಟಿದಳು. ಈಗ ಇಬ್ಬರೂ ಪಿಯುಸಿ ಸೇರಿದ್ದಾರೆ, ಒಂದೇ ಬಸ್ಸು. ಮರುದಿನ ನಿಮ್ಮ ಪತ್ರಿಕೆ ಪೂರ್ತಿ ಹುಡುಕಿದೆ. ಅದರ ಮರುದಿನವೂ. ರಾಜ್ಯದ ಲೆಕ್ಕ ಇತ್ತು, ಶಾಲೆಗಳ ಪಟ್ಟಿ ಇರಲಿಲ್ಲ. ಮೊದಲ ಸಲ ಫೇಲಾದವರ ಲೆಕ್ಕ ಶಾಲೆ ಹೆಸರಿನ ಮುಂದೆ ಹಾಕಿದ ಮೇಲೆ, ಎರಡನೇ ಸಲ ಎದ್ದವರ ಲೆಕ್ಕವನ್ನೂ ಅದೇ ಜಾಗದಲ್ಲಿ ಹಾಕಬೇಕಲ್ವಾ ಸ್ವಾಮಿ? ಊರಲ್ಲಿ ಈಗಲೂ 'ನಿಮ್ಮ ಶಾಲೇಲಿ ನಾಲ್ಕು ಫೇಲಂತೆ' ಅಂತ ಕೇಳುತ್ತಾರೆ. ಪೇಪರಿನಲ್ಲಿ ಬಂದಿತ್ತು ಅನ್ನುತ್ತಾರೆ. ಸರಿಯಾದ ಸಂಖ್ಯೆ ಪೇಪರಿನಲ್ಲೇ ಬರಲಿ ಅಂತ ಈ ಪತ್ರ. ನಮ್ಮದೊಂದೇ ಅಲ್ಲ, ತಾಲ್ಲೂಕಿನ ಎಲ್ಲ ಶಾಲೆಗಳದ್ದೂ ಹಾಕಿ.

ಉಳಿದಿರುವುದು ಒಬ್ಬ ಹುಡುಗ. ಹಿಂದಿ ಪಾಸು ಮಾಡಿಕೊಂಡ, ಗಣಿತದಲ್ಲಿ 25ಕ್ಕೆ ನಿಂತ. ಜುಲೈ 5ರಿಂದ ಪರೀಕ್ಷೆ-3. ಬೆಳಿಗ್ಗೆ ಒಂದು ಗ್ಯಾರೇಜಿನಲ್ಲಿ ಕೆಲಸ, ನಾಲ್ಕಕ್ಕೆ ಶಾಲೆಗೆ ಬರುತ್ತಾನೆ. ಈಗ ಮಕ್ಕಳೆಲ್ಲ ಕಾಲೇಜಿಗೆ ಹೋಗಿರುವುದರಿಂದ ವಾರದ ದಿನ ಅವನ ಜೊತೆ ಕೂರುವವರು ಯಾರೂ ಇಲ್ಲ, ಭಾನುವಾರ ಮಾತ್ರ ಬರುತ್ತಾರೆ. ನಿನ್ನೆ ಅವನು ಪ್ರಮೇಯ ಬಾಯಿಪಾಠ ಹೇಳುವುದು, ನಾನು ಪುಸ್ತಕ ಹಿಡಿದು ನೋಡುವುದು. ಥೇಲ್ಸ್‌ನ ಪ್ರಮೇಯ ನಮ್ಮ ಕಾಲದಲ್ಲೂ ಇತ್ತು. ಅರ್ಧಕ್ಕೆ ಅವನು ನಿಂತಾಗ ಮುಂದಿನ ಸಾಲು ನನ್ನ ಬಾಯಿಂದ ಬಂತು. 'ಅಕ್ಕ, ನೀವೂ ಕಟ್ಟಬಹುದು' ಅಂದ. ಸೌಟು ತೋರಿಸಿ ಕೂರಿಸಿದೆ.

ಇಂತಿ,
ಬಿಸಿಯೂಟದ ಅಡುಗೆಯವಳು
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ