ಸಂಚಿಕೆಗೆ ಬರಹ ಕಳಿಸುವವರ ಗಮನಕ್ಕೆ

ಪುಣೆ ಗುಂಪಿನ ಎಲ್ಲರಿಗೂ ನಮಸ್ಕಾರ. ಬರಹ ಯೂನಿಕೋಡ್‌ನಲ್ಲೇ (ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಇರಲಿ. ಹಳೆಯ ನುಡಿ ಫಾಂಟುಗಳು ಕನ್ನಡ ಅಕ್ಷರದ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂರಿಸಿರುತ್ತವೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಕಾಣುವುದು ಬರೀ ಗೀಚು.

ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಆದರೆ ಅಲ್ಲಿಗೇ ಬಿಡಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತಿನ (ರ್) ಸಂಕೇತ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲೇ. ಹಾಗಾಗಿ ‘ಕರ್ನಾಟಕ’ ಎಷ್ಟೋ ಸಲ ‘ಕನರ್ಾಟಕ’ ಆಗಿಬಿಡುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ! ‘ರ್ಾ’, ‘ರ್ಿ’ ಎಂದು ಹುಡುಕಿ ಒಂದೊಂದನ್ನೂ ತಿದ್ದಿ.

‘ಚಿಂಚ್‌ವಡ’ ಹೋಗಿ ‘ಚಿಂಚ್ವಡ’ ಆದರೆ, ವರ್ಡ್‌ನಲ್ಲಿ ‘ಚ್’ ಆದಮೇಲೆ 200ಸಿ (ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತಿನ ಸಂಕೇತ; ಸಿ ಇಂಗ್ಲಿಷಿನದು) ಟೈಪಿಸಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ, ಆಮೇಲೆ ‘ವ’ ಬರೆಯಿರಿ.

ಪಿಡಿಎಫ್ ಬೇಡ. ಫೋಟೊಗಳನ್ನು ವಾಟ್ಸ್‌ಆಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ಮನೆ ಹಾಕಿದರೆ ವಾಟ್ಸ್‌ಆಪ್ ಕುಗ್ಗಿಸುತ್ತದೆ, ಅಚ್ಚಿಗೆ ಮಸುಕಾಗುತ್ತದೆ.